ಕಯೆನ್‌ಗೆ 21 ಇಂಚಿನ ಚಕ್ರ ಬಿಚ್ಚಿ 18 ಹಾಕಿಸಿದರೆ ತೋಟದ ದಾರಿ ತಡೆಯುತ್ತಾ?

ಬಾಳೂರು ಬೆಳೆಗಾರ:

ಎಲ್ಲರಿಗೂ ನಮಸ್ಕಾರ. ಮೂಡಿಗೆರೆ ಕಡೆ ನಮ್ಮದು ಕಾಫಿ ತೋಟ. ಹೋದ ವರ್ಷ ಬೆಂಗಳೂರಿನಲ್ಲಿ ಸೆಕೆಂಡ್ ಹ್ಯಾಂಡ್ ಪೋರ್ಷೆ ಕಯೆನ್ ಡೀಸೆಲ್ ತಗೊಂಡೆ. 2014ರ ಮಾಡೆಲ್, ಗಾಡಿಯ ಎತ್ತರ ಏರಿಸಿ ಇಳಿಸುವ ಏರ್ ಸಸ್ಪೆನ್ಷನ್ ಇದೆ. ಊರಲ್ಲಿ ನಕ್ಕವರೇ ಜಾಸ್ತಿ. "ಗೊಬ್ಬರದ ಮೂಟೆ ಹೊರೋಕೆ ತಂದ್ರಾ?" ಅಂತ ತೋಟದ ಲೆಕ್ಕ ಬರೆಯುವ ನಮ್ಮ ರೈಟರೇ ಕೇಳಿದ. ನಗಲಿ ಬಿಡಿ, ಗಾಡಿ ಬಂಗಾರದಂಥದ್ದು. ಹಾಸನ ರಸ್ತೆಗೆ ಇಳಿದರೆ ಅದರ ಗತ್ತೇ ಬೇರೆ.

ತೊಂದರೆ ಇರುವುದು ಚಕ್ರದಲ್ಲಿ. ಹಿಂದಿನ ಮಾಲೀಕರು ಷೋಕಿಗೆ 21 ಇಂಚಿನ ಅಲಾಯ್ ಹಾಕಿಸಿದ್ದಾರೆ. ಟಯರ್ 295/35 ಆರ್21, ಅಂದರೆ ಅಗಲ 295 ಮಿ.ಮೀ., ಪಕ್ಕದ ಗೋಡೆಯ ಎತ್ತರ ಅದರ ಶೇಕಡಾ 35, ರಿಮ್ 21 ಇಂಚು. ರಿಮ್ಮಿಗೆ ಕಪ್ಪು ಬಣ್ಣ ಬಳಿದ ಹಾಗೆ ಇದೆ ಅಷ್ಟೇ, ಅದರಲ್ಲಿ ರಬ್ಬರ್ ಎಲ್ಲಿದೆ ಅಂತ ಹುಡುಕಬೇಕು. ಟಾರು ರಸ್ತೆ ಬಿಟ್ಟ ಮೇಲೆ ಮನೆಗೆ ಮೂರು ಕಿಲೋಮೀಟರ್ ಸೋಲಿಂಗ್ ಕಲ್ಲಿನ ದಾರಿ. ಮಧ್ಯೆ ಒಂದು ಹಳ್ಳ. ಹಳ್ಳ ದಾಟಿದ ಕೂಡಲೇ ಎಡಕ್ಕೆ ತಿರುಗುವ ಕಡಿದಾದ ಏರು. ಮಳೆಗಾಲದಲ್ಲಿ ಮಣ್ಣು ಕೊಚ್ಚಿಕೊಂಡು ಹೋಗಿ ಕಲ್ಲಿನ ಮೂತಿ ಮೇಲೆ ಬರುತ್ತದೆ. ಅಲ್ಲೇ ಟಯರಿನ ಪಕ್ಕದ ಗೋಡೆ ಸೀಳಿತು. ಪಂಚರ್ ಹಾಕುವವನು ಬೆರಳು ತೂರಿಸಿ ನೋಡಿ, "ಇದಕ್ಕೆ ನನ್ನ ಹತ್ರ ಮದ್ದಿಲ್ಲ ಸಾರ್" ಅಂದ. ರಿಮ್ ಕೂಡ ಒಂದು ಕಡೆ ಬೆಂಡಾಗಿದೆ.

18 ಇಂಚಿನ ಚಕ್ರ ಹಾಕಿ, ಟಾರಿಗೂ ಕಲ್ಲು ಮಣ್ಣಿಗೂ ಆಗುವ ಆಲ್-ಟೆರೇನ್ ಟಯರ್ ಏರಿಸಿದರೆ ಹೇಗೆ? ಡಿಸ್ಕನ್ನು ಹಿಡಿಯುವ ಬ್ರೇಕ್ ಕ್ಯಾಲಿಪರ್‌ಗೆ ತಾಗುತ್ತದೆ ಅಂತ ಒಬ್ಬರು, ಏನೂ ಆಗಲ್ಲ ಅಂತ ಇನ್ನೊಬ್ಬರು. ಯಾವ ಸೈಜು ಹಾಕಬೇಕು? ಸೆಪ್ಟೆಂಬರ್‌ನಲ್ಲಿ ಗೆಳೆಯರ ಜೊತೆ ಹಿಮಾಚಲದ ಸ್ಪಿತಿಗೆ ಹೋಗುವ ಆಸೆಯೂ ಇದೆ. ಮಾಡಿಸಿದವರು ಯಾರಾದರೂ ಇದ್ದರೆ ಹೇಳಿ.

ಗುಡ್ಡದ ಜೀಪು:

ಅಣ್ಣ, ಆ ದುಡ್ಡಿಗೆ ಒಂದು ಹಳೇ ಜಿಪ್ಸಿ ಬರುತ್ತೆ. ಕಯೆನ್‌ನ ಟಾರು ರಸ್ತೆ ಹತ್ರ ಶೆಡ್ ಹಾಕಿ ನಿಲ್ಲಿಸಿ. ಅಲ್ಲಿಂದ ಮನೆಗೆ ಜಿಪ್ಸಿ. ನಮ್ಮ ಕಡೆ ಮಳೆಗಾಲದಲ್ಲಿ ಜೀಪಿನ ಟಯರಿಗೆ ಕಬ್ಬಿಣದ ಚೈನ್ ಕಟ್ಟಿಯೇ ಏರು ಹತ್ತಿಸೋದು. ನಿಮ್ಮ ಜರ್ಮನಿ ಗಾಡಿಗೆ ಚೈನ್ ಕಟ್ಟಿ, ಆಮೇಲೆ ಫೆಂಡರ್ ಒಳಗಡೆ ಏನು ಉಳಿಯುತ್ತೆ ಅಂತ ನೋಡಿ. ಸುಮ್ನೆ ಖರ್ಚು.

ಬಾಳೂರು ಬೆಳೆಗಾರ:

ಜಿಪ್ಸಿ ನಮ್ಮಲ್ಲೂ ಇದೆ ಮಾರಾಯ್ರೆ. ಅಮ್ಮನಿಗೆ ಬೆನ್ನು ನೋವು. ತಿಂಗಳಿಗೊಮ್ಮೆ ಮಂಗಳೂರಿಗೆ ಡಾಕ್ಟರ ಹತ್ತಿರ ಹೋಗಬೇಕು. ಚಾರ್ಮಾಡಿ ಇಳಿದು ಉಜಿರೆ, ಬೆಳ್ತಂಗಡಿ ಮೇಲೆ. ಜಿಪ್ಸಿಯಲ್ಲಿ ಕೂರಿಸಿದರೆ ಹಳ್ಳ ದಾಟುವಷ್ಟರಲ್ಲೇ ಅಳು ಬರುತ್ತೆ ಅವರಿಗೆ. ಮಧ್ಯ ದಾರಿಯಲ್ಲಿ ಇಳಿಸಿ ಇನ್ನೊಂದು ಗಾಡಿ ಹತ್ತಿಸುವುದೂ ಆಗದ ಮಾತು. ಮನೆ ಬಾಗಿಲಿನಿಂದ ಆಸ್ಪತ್ರೆ ಬಾಗಿಲಿನವರೆಗೆ ಒಂದೇ ಸೀಟು ಬೇಕು. ಅದಕ್ಕೇ ಈ ಗಾಡಿ, ಅದಕ್ಕೇ ಈ ಪ್ರಶ್ನೆ.

ಹೆತ್ತೂರು ರಸ್ತೆ:

ಬೆಳೆಗಾರ್ರೆ, ಇದು ಆಗುವ ಕೆಲಸ. ನನ್ನದೂ ಅದೇ ಗಾಡಿ, ಅದೇ ಡೀಸೆಲ್ ಎಂಜಿನ್. ಸಕಲೇಶಪುರದ ಆಚೆ ಹೆತ್ತೂರು ಕಡೆ ನಮ್ಮ ಮನೆ. ದಾರಿ ನಿಮ್ಮದಕ್ಕಿಂತ ಒಳ್ಳೆಯದೇನಲ್ಲ. ಸ್ವಲ್ಪ ಉದ್ದ ಬರೀತೀನಿ, ಕಾಫಿ ಹಿಡಿದುಕೊಂಡು ಓದಿ.

ಮೊದಲು ಬ್ರೇಕ್ ವಿಚಾರ. ಕಯೆನ್ ಅಂದರೆ ಎಲ್ಲಾ ಒಂದೇ ಅಲ್ಲ. ನಿಮ್ಮ ಡೀಸೆಲ್‌ಗೆ ಮುಂದಿನ ಡಿಸ್ಕ್ 350 ಮಿ.ಮೀ. ಆ ಮಾಡೆಲ್‌ಗೆ ಕಂಪನಿಯೇ 18 ಇಂಚಿನ ಚಕ್ರ ಕೊಡುತ್ತಿತ್ತು, 255/55 ಆರ್18 ಟಯರ್ ಜೊತೆ. ಕಯೆನ್ ಟರ್ಬೊ ಅನ್ನೋ ಮಾಡೆಲ್‌ಗೆ ಮುಂದಿನ ಡಿಸ್ಕೇ 390 ಮಿ.ಮೀ. ಅದಕ್ಕೆ 18 ಕೂರಲ್ಲ, 19 ಬೇಕು. ನಿಮಗೆ ಇಬ್ಬರು ಎರಡು ಥರ ಹೇಳಿದ್ದು ಇದೇ ಕಾರಣಕ್ಕೆ ಇರಬೇಕು. ಇಬ್ಬರೂ ಸರಿ, ಗಾಡಿ ಬೇರೆ.

ಆದರೆ 18 ಅಂತ ಬರೆದ ಮಾತ್ರಕ್ಕೆ ಎಲ್ಲಾ 18 ಇಂಚಿನ ರಿಮ್ಮೂ ಕೂರುತ್ತೆ ಅಂತ ಅಲ್ಲ. ರಿಮ್ಮಿನ ಒಳಗಿನ ಆಕಾರ, ಕಡ್ಡಿಗಳ ಬಾಗು, ಇವೆಲ್ಲ ಲೆಕ್ಕಕ್ಕೆ ಬರುತ್ತವೆ. ನಾನು ಮಾಡಿದ್ದು ಹೀಗೆ. ಮನೆಯಿಂದ ಚಪಾತಿ ಹಿಟ್ಟಿನ ಒಂದು ಉಂಡೆ ತಗೊಂಡು ಹೋದೆ. ಚಕ್ರ ಬಿಚ್ಚಿಸಿ, ಕ್ಯಾಲಿಪರ್‌ನ ಉಬ್ಬಿದ ಭಾಗದ ಮೇಲೆ ಹಿಟ್ಟನ್ನು ಬೆರಳಷ್ಟು ದಪ್ಪ ಮೆತ್ತಿದೆ. ಬರೀ ರಿಮ್ ಹಾಕಿ, ಬೋಲ್ಟ್ ಕೈಯಲ್ಲೇ ಬಿಗಿದು, ಕೈಯಿಂದಲೇ ನಿಧಾನ ಒಂದು ಸುತ್ತು ತಿರುಗಿಸಿದೆ. ಬಿಚ್ಚಿ ನೋಡಿದರೆ ಹಿಟ್ಟು ಎಲ್ಲಿ ಎಷ್ಟು ತೆಳುವಾಗಿದೆ ಅಂತ ಕಾಣುತ್ತೆ. ಅತಿ ತೆಳುವಾದ ಕಡೆಯೂ ಮೂರು ಮಿ.ಮೀ. ಉಳಿದಿರಬೇಕು. ಅಂಗಡಿ ಹುಡುಗರು ಫೋಟೋ ತೆಗೆದುಕೊಂಡು ನಕ್ಕರು. ಅವರ ಟೇಪಿಗಿಂತ ನನ್ನ ಹಿಟ್ಟೇ ವಾಸಿ. ಇನ್ನೊಂದು: ಬ್ಯಾಲೆನ್ಸಿಂಗ್ ಮಾಡುವಾಗ ಒಳಗಡೆ ಅಂಟಿಸುವ ತೂಕದ ಪಟ್ಟಿ ಕ್ಯಾಲಿಪರ್‌ನ ಎದುರಿಗೆ ಬರಬಾರದು. ಜಾಗ ಬಿಗಿಯಾಗಿದ್ದರೆ ಅದು ಉಜ್ಜಿ ಕಿತ್ತು ಹೋಗುತ್ತೆ.

ರಿಮ್ ಎಲ್ಲಿ ಹುಡುಕೋದು? ಹೊಸದು ಶೋರೂಮಿನಲ್ಲಿ ಕೇಳಿದರೆ ಒಂದು ಚೀಲ ಕಾಫಿ ಬೀಜದ ರೇಟು ಅಲ್ಲ, ಲಾರಿ ಲೋಡಿನ ರೇಟು ಹೇಳ್ತಾರೆ. ಆದರೆ ನಮಗೆ ಒಂದು ಅನುಕೂಲ ಇದೆ. ಕಯೆನ್, ಮೊದಲ ಎರಡು ತಲೆಮಾರಿನ ಫೋಕ್ಸ್‌ವ್ಯಾಗನ್ ಟುವಾರೆಗ್, ಮೊದಲ ತಲೆಮಾರಿನ ಆಡಿ ಕ್ಯೂ7, ಇವು ಮೂರೂ ದಾಯಾದಿಗಳು. ಮೂರಕ್ಕೂ ಐದು ಬೋಲ್ಟ್, ಅವು ಕೂರುವ ವೃತ್ತ 130 ಮಿ.ಮೀ. ನಡುವಿನ ತೂತು 71.6 ಮಿ.ಮೀ. ಹಳೇ ಕ್ಯೂ7 ನಮ್ಮಲ್ಲಿ ಬೇಕಾದಷ್ಟು ಮಾರಾಟವಾಗಿವೆ. ಬೆಂಗಳೂರಿನ ಜೆ.ಸಿ. ರೋಡ್, ಶಿವಾಜಿನಗರದ ಗುಜರಿ ಕಡೆ ಕಾದು ಹುಡುಕಿದರೆ ಅದರ 18 ಇಂಚಿನ ಸೆಟ್ ಸಿಗುತ್ತೆ. ಹೊಸ ಕ್ಯೂ7ದು ಮಾತ್ರ ತರಬೇಡಿ, ಅದರದು 112 ಮಿ.ಮೀ., ಬೋಲ್ಟೇ ಕೂರಲ್ಲ.

ಆಫ್‌ಸೆಟ್ ನೋಡಿ, ಅಂದರೆ ರಿಮ್ಮಿನ ಅಗಲದ ನಡುಗೆರೆಯಿಂದ ಬೋಲ್ಟ್ ಬಿಗಿಯುವ ಮುಖ ಎಷ್ಟು ಮಿ.ಮೀ. ಹೊರಗಿದೆ ಅನ್ನೋದು. ಇಟಿ ಅಂತ ಬರೆಯೋದು ಅದನ್ನೇ. ನಿಮ್ಮ ಗಾಡಿಯ ಕಂಪನಿ 18 ಇಂಚಿನ ರಿಮ್ 8 ಇಂಚು ಅಗಲ, ಇಟಿ 53. ಈ ನಂಬರ್ ರಿಮ್ಮಿನ ಹಿಂಬದಿಯಲ್ಲಿ ಎರಕದಲ್ಲೇ ಇರುತ್ತೆ. ಇಟಿ 60 ಇದ್ದರೆ ಚಕ್ರ ಏಳು ಮಿ.ಮೀ. ಒಳಕ್ಕೆ ಕೂರುತ್ತೆ. ಆಗ ಸಸ್ಪೆನ್ಷನ್ ತೋಳಿಗೂ ಟಯರಿಗೂ ಮಧ್ಯೆ ಜಾಗ ಇದೆಯಾ ಅಂತ ಮತ್ತೆ ಅದೇ ಹಿಟ್ಟಿನ ಪರೀಕ್ಷೆ.

ಬೋಲ್ಟ್ ವಿಚಾರದಲ್ಲಿ ದಯವಿಟ್ಟು ಹುಷಾರು. ಕಂಪನಿ ಬೋಲ್ಟಿನ ತಲೆಯ ಕೆಳಗೆ ಗುಂಡಾಗಿ ಇರುತ್ತೆ. ಹೊರಗಿನ ರಿಮ್‌ಗಳಲ್ಲಿ ಬಹಳಷ್ಟಕ್ಕೆ ಚೂಪು ಶಂಕುವಿನ ಆಕಾರದ ಬೋಲ್ಟ್ ಬೇಕು. ಗುಂಡು ಬೋಲ್ಟನ್ನು ಶಂಕುವಿನ ತೂತಿಗೆ ಬಿಗಿದರೆ ಬಿಗಿಯಾದ ಹಾಗೆ ಅನಿಸುತ್ತೆ, ಆದರೆ ಹಿಡಿತ ಒಂದು ಗೆರೆಯಷ್ಟೇ. ಕಲ್ಲಿನ ದಾರಿಯಲ್ಲಿ ಅಲ್ಲಾಡಿ ಸಡಿಲ ಆಗುತ್ತೆ. ಬಿಗಿತ ಅಳೆಯುವ ಟಾರ್ಕ್ ರೆಂಚ್‌ನಲ್ಲಿ 160 ನ್ಯೂಟನ್ ಮೀಟರ್. ಪೈಪ್ ಹಾಕಿ ಕಾಲಲ್ಲಿ ತುಳಿಯೋದು ಬೇಡ. ಐವತ್ತು ಅರವತ್ತು ಕಿ.ಮೀ. ಓಡಿಸಿ ಇನ್ನೊಮ್ಮೆ ನೋಡಿ.

ಈಗ ಟಯರು. ಇಲ್ಲಿ ಎಲ್ಲರೂ ಟಯರಿನ ಮೇಲ್ಮೈ ಡಿಸೈನ್ ನೋಡ್ತಾರೆ. ದೊಡ್ಡ ದೊಡ್ಡ ಗಟ್ಟೆ ಇದ್ದರೆ ಖುಷಿ. ನಿಮ್ಮ ಸಮಸ್ಯೆ ಅದಲ್ಲ ಅಲ್ವಾ? ನಿಮ್ಮದು ಸೀಳಿದ್ದು ಪಕ್ಕದ ಗೋಡೆ. ಗೋಡೆ ಎತ್ತರ ನೋಡಿ: 295/35ರಲ್ಲಿ 295ರ ಶೇಕಡಾ 35, ಅಂದರೆ 103 ಮಿ.ಮೀ. 255/55ರಲ್ಲಿ 140. 255/60ರಲ್ಲಿ 153. ಕಲ್ಲು ಒತ್ತಿದಾಗ ರಿಮ್ಮಿಗೆ ತಾಗುವ ಮೊದಲು ಐದು ಸೆಂ.ಮೀ. ಹೆಚ್ಚು ರಬ್ಬರ್ ಸಿಗುತ್ತೆ. ನಿಮ್ಮ ಹಳ್ಳದ ಏರಿನಲ್ಲಿ ಟಯರ್ ಉಳಿಸೋದು ಈ ಐದು ಸೆಂ.ಮೀ. ಮಾಮೂಲಿ ರಸ್ತೆ ಟಯರನ್ನೇ 18 ಇಂಚಿನಲ್ಲಿ ಹಾಕಿದರೂ ನಿಮ್ಮ ಕಷ್ಟ ಅರ್ಧ ಕಡಿಮೆ ಆಗುತ್ತೆ. ಆಲ್-ಟೆರೇನ್ ಹಾಕಿದರೆ ಗೋಡೆಯೂ ದಪ್ಪ, ಕಲ್ಲಿನ ಮೇಲೆ ಹಿಡಿತವೂ ಜಾಸ್ತಿ.

ಎರಡು ಸೈಜಿನ ಮಧ್ಯೆ ಯೋಚನೆ ಮಾಡಿ. 255/55 ಆರ್18 ಕಂಪನಿ ಸೈಜು. ಒಟ್ಟು ಎತ್ತರ 738 ಮಿ.ಮೀ., ನಿಮ್ಮ ಈಗಿನ 21 ಇಂಚಿನದು 740. ಸ್ಪೀಡೋಮೀಟರ್, ಎಬಿಎಸ್, ಗೇರ್‌ಬಾಕ್ಸ್ ಯಾವುದಕ್ಕೂ ವ್ಯತ್ಯಾಸ ಗೊತ್ತೇ ಆಗಲ್ಲ. ಆದರೆ ಈ ಸೈಜಿನಲ್ಲಿ ಆಲ್-ಟೆರೇನ್ ಇಲ್ಲಿ ಸಿಗೋದು ಕಷ್ಟ. 2020ರ ಜೂನ್‌ನಲ್ಲಿ ಸರ್ಕಾರ ಟಯರ್ ಆಮದಿಗೆ ನಿರ್ಬಂಧ ಹಾಕಿದ ಮೇಲಂತೂ ಅಪರೂಪದ ಸೈಜುಗಳಿಗೆ ಕಾಯಬೇಕು. 255/60 ಆರ್18 ಸುಲಭ. ಸ್ಕಾರ್ಪಿಯೊ-ಎನ್‌ನ ಮೇಲಿನ ಮಾಡೆಲ್‌ಗಳಿಗೆ ಬರುವ ಸೈಜು ಅದೇ. ಎತ್ತರ 763 ಮಿ.ಮೀ. ನಿಮ್ಮ ಈಗಿನದಕ್ಕಿಂತ ಶೇಕಡಾ ಮೂರು ಜಾಸ್ತಿ. ಮೀಟರ್ 100 ತೋರಿಸುವಾಗ ಮೊದಲಿಗಿಂತ ಮೂರು ಕಿ.ಮೀ. ಜಾಸ್ತಿ ಓಡ್ತಿರ್ತೀರಿ. ಗಾಡಿ ಹನ್ನೆರಡು ಮಿ.ಮೀ. ಎತ್ತರವೂ ಆಗುತ್ತೆ. ತಾಗುತ್ತಾ ಅಂತ ಭಯ ಬೇಡ. ಕಂಪನಿಯೇ ಇದೇ ಗಾಡಿಗೆ 275/45 ಆರ್20 ಕೊಟ್ಟಿದೆ, ಅದರ ಎತ್ತರ 756, ಅಗಲವೂ ಜಾಸ್ತಿ. ನಾನು ಹಾಕಿರೋದು 255/60. ಗಾಡಿಯನ್ನು ಅತಿ ಕೆಳಗಿನ ಮಟ್ಟಕ್ಕೆ ಇಳಿಸಿ ಸ್ಟೀರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ ನೋಡಿದೆ, ಎಲ್ಲೂ ಉಜ್ಜಲಿಲ್ಲ.

265/60 ಆರ್18 ಬೇಡ. ಫಾರ್ಚುನರ್ ಸೈಜು ಅಂತ ಅಂಗಡಿಯವರು ಸುಲಭಕ್ಕೆ ಅದನ್ನೇ ತಳ್ಳೋಕೆ ನೋಡ್ತಾರೆ. 775 ಮಿ.ಮೀ. ಬಹಳ ಆಯ್ತು.

ಲೋಡ್ ಇಂಡೆಕ್ಸ್ 109ಕ್ಕಿಂತ ಕಡಿಮೆ ಇರಬಾರದು. 109 ಅಂದರೆ ಒಂದು ಟಯರಿಗೆ 1,030 ಕೆ.ಜಿ. ಗಾಡಿಯೇ ಎರಡು ಟನ್ ದಾಟುತ್ತೆ, ಜೊತೆಗೆ ಐದು ಜನ, ಲಗೇಜು. ಸ್ಪೀಡ್ ಅಕ್ಷರ ನೋಡಿ. ಎಚ್ ಇದ್ದರೆ 210ರವರೆಗೆ, ಎಸ್ ಇದ್ದರೆ 180, ಆರ್ ಇದ್ದರೆ 170. ನಮ್ಮ ರಸ್ತೆಗೆ ಇಷ್ಟು ಧಾರಾಳ. ಆದರೆ ಈ ಗಾಡಿ ಅದಕ್ಕಿಂತ ಜೋರಾಗಿ ಓಡಬಲ್ಲದು, ಹಾಗಾಗಿ ಮಗನ ಕೈಗೆ ಕೀ ಕೊಡುವಾಗ ಹೇಳಿ ಕೊಡಿ. ನಾಲ್ಕೂ ಟಯರ್ ಒಂದೇ ಬ್ರ್ಯಾಂಡ್, ಒಂದೇ ಸವೆತ ಇರಬೇಕು. ಇದು ಯಾವಾಗಲೂ ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಗಾಡಿ. ಮುಂದೆ ಹೊಸದು, ಹಿಂದೆ ಹಳೆಯದು ಅಂದರೆ ಮುಂದಿನ ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ನಡುವಿನ ಡಿಫರೆನ್ಷಿಯಲ್ ಹೆದ್ದಾರಿಯಲ್ಲೂ ಸುಮ್ಮನೆ ಸವೆಯುತ್ತಾ ಇರುತ್ತೆ.

ಏನು ಕಳೆದುಕೊಳ್ಳುತ್ತೀರಿ ಅಂತಲೂ ಹೇಳಿಬಿಡ್ತೀನಿ. ಸ್ಟೀರಿಂಗ್‌ನ ಚುರುಕು ಹೋಗುತ್ತೆ. ಮೊದಲು ತಿರುವಿನಲ್ಲಿ ಯೋಚನೆ ಮಾಡಿದ ಕೂಡಲೇ ಮೂತಿ ತಿರುಗುತ್ತಿತ್ತು, ಈಗ ಅರೆಕ್ಷಣ ತಡ. ಎಂಬತ್ತು ದಾಟಿದರೆ ಒಂದು ಗುಂಯ್ ಸದ್ದು. ಒದ್ದೆ ಟಾರಿನ ಮೇಲೆ ಬ್ರೇಕ್ ಹಾಕಿದರೆ ನಿಲ್ಲಲು ಜಾಸ್ತಿ ದೂರ ಬೇಕು. ಚಾರ್ಮಾಡಿಯಲ್ಲಿ ಮಳೆಗೆ ಇಳಿಯುವಾಗ ಇದು ನೆನಪಿರಲಿ. ಆದರೆ ಅಮ್ಮನಿಗೆ ಲಾಭ ನೋಡಿ: ಗುಂಡಿಯ ಧಡ್ ಅನ್ನೋ ಪೆಟ್ಟು ಮಾಯ. ನಮ್ಮ ಮನೆಯವರು ಮೊದಲ ದಿನವೇ ಕೇಳಿದ್ದು, "ರಸ್ತೆ ರಿಪೇರಿ ಮಾಡಿದ್ರಾ?" ಅಂತ.

ಕೊನೆಗೆ, ನಮ್ಮ ಜೇಡಿಮಣ್ಣು. ಆಲ್-ಟೆರೇನ್ ಅನ್ನೋ ಹೆಸರು ನಂಬಿ ಕೆಸರಿಗೆ ಇಳಿಯಬೇಡಿ. ಕಲ್ಲು, ಜಲ್ಲಿ, ಗಟ್ಟಿ ಮಣ್ಣು, ಇದಕ್ಕೆಲ್ಲ ಆ ಟಯರ್ ಸರಿ. ಜುಲೈ ತಿಂಗಳ ಕೆಂಪು ಜೇಡಿಯಲ್ಲಿ ಹತ್ತು ಗಜ ಹೋಗುವಷ್ಟರಲ್ಲಿ ಸಂದೆಲ್ಲ ತುಂಬಿ ಟಯರು ನುಣುಪಾಗುತ್ತೆ. ಗುಡ್ಡದ ಜೀಪಿನವರು ಚೈನ್ ಬಗ್ಗೆ ಹೇಳಿದ್ದು ನೂರಕ್ಕೆ ನೂರು ಸತ್ಯ. ಹಳ್ಳದ ಆ ಏರಿಗೆ ಎರಡು ಲೋಡ್ ಜಲ್ಲಿ ಹೊಡೆಸಿ, ನೀರು ಹೋಗೋಕೆ ಪಕ್ಕದಲ್ಲಿ ಚರಂಡಿ ತೆಗೆಸಿ. ಟಯರಿಗಿಂತ ಮೊದಲು ಮಾಡುವ ಕೆಲಸ ಅದು.

ಗುಡ್ಡದ ಜೀಪು:

ಅಂತೂ ಒಪ್ಪಿಕೊಂಡ್ರಲ್ಲ! ಚಪಾತಿ ಹಿಟ್ಟಿನ ಐಡಿಯಾ ಚೆನ್ನಾಗಿದೆ ಸಾರ್, ನಾನೂ ಮಾಡ್ತೀನಿ.

ಫ್ರೀಮಾಂಟ್‌ನಿಂದ:

ನಾನಿರೋದು ಕ್ಯಾಲಿಫೋರ್ನಿಯಾದಲ್ಲಿ. ಊರು ತೀರ್ಥಹಳ್ಳಿ ಹತ್ತಿರ. ನನ್ನದು ಮೊದಲ ತಲೆಮಾರಿನ ಕಯೆನ್ ಎಸ್, 2006ರದ್ದು. ಇಲ್ಲಿ ಹಳೇದು ಅಗ್ಗಕ್ಕೆ ಸಿಗುತ್ತೆ. ಹಳೇದನ್ನೇ ಹುಡುಕಿ ತಗೊಳ್ಳೋಕೆ ಕಾರಣ ಇದೆ: ಅದರಲ್ಲಿ ಕಡಿದಾದ ಜಾಗದಲ್ಲಿ ನಿಧಾನಕ್ಕೆ ಬಲವಾಗಿ ಎಳೆಯುವ ಲೋ ರೇಂಜ್ ಗೇರ್ ಇದೆ, ನಡುವಿನ ಡಿಫರೆನ್ಷಿಯಲ್ ಲಾಕ್ ಆಗುತ್ತೆ. 2011ರ ಮಾಡೆಲ್‌ನಿಂದ ತೂಕ ಇಳಿಸೋಕೆ ಅಂತ ಲೋ ರೇಂಜ್ ತೆಗೆದರು. ಷೋಕಿ ಗಾಡಿ ಅಂತ ನಗುವವರಿಗೆ ಒಂದು ಮಾತು. ಮಾಸ್ಕೋದಿಂದ ಮಂಗೋಲಿಯಾದ ಉಲಾನ್‌ಬಾತರ್‌ವರೆಗೆ ಟ್ರಾನ್ಸ್‌ಸೈಬೀರಿಯಾ ಅಂತ ಒಂದು ರ‍್ಯಾಲಿ ನಡೆಯುತ್ತಿತ್ತು. 2007ರಲ್ಲಿ ಮೊದಲ ಮೂರು ಸ್ಥಾನವೂ ಕಯೆನ್‌ಗಳದ್ದೇ.

ನಾನು ಹಾಕಿರೋದು 255/55 ಆರ್18 ಆಲ್-ಟೆರೇನ್. ಇಲ್ಲಿ ಆ ಸೈಜು ಸುಲಭವಾಗಿ ಸಿಗುತ್ತೆ. ಡೆತ್ ವ್ಯಾಲಿಯಲ್ಲಿ ರೇಸ್‌ಟ್ರ್ಯಾಕ್ ಅನ್ನೋ ಒಣಗಿದ ಕೆರೆ ಇದೆ. ಕಲ್ಲುಗಳು ತಾವೇ ಜರುಗಿ ಹಿಂದೆ ಗೆರೆ ಬಿಟ್ಟ ಜಾಗ. ತೆಳು ಮಂಜುಗಡ್ಡೆಯ ಹಾಳೆ ಗಾಳಿಗೆ ತೇಲಿ ಕಲ್ಲನ್ನು ತಳ್ಳುತ್ತೆ ಅಂತ 2014ರಲ್ಲಿ ವಿಜ್ಞಾನಿಗಳು ಕಣ್ಣಾರೆ ನೋಡಿ ಬರೆದರು. ಅಲ್ಲಿಯವರೆಗೂ ಬರೀ ಊಹೆಗಳೇ. ಅದಿರಲಿ, ಅಲ್ಲಿಗೆ ಹೋಗುವ ದಾರಿ ಉಬೆಹೀಬೆ ಕ್ರೇಟರ್‌ನಿಂದ 27 ಮೈಲಿ, ಅಂದರೆ 43 ಕಿ.ಮೀ. ಚೂಪು ಕಲ್ಲು, ಉದ್ದಕ್ಕೂ ಸಾಲು ಸಾಲು ಏರಿಳಿತ. ಎತ್ತರದ ಗಾಡಿ, ಗಟ್ಟಿ ಟಯರ್ ಇಲ್ಲದೆ ಬರಬೇಡಿ ಅಂತ ಪಾರ್ಕಿನವರೇ ಹೇಳ್ತಾರೆ. ಫೋನ್ ಸಿಗ್ನಲ್ ಇಲ್ಲ. ಎಳೆಯೋಕೆ ಗಾಡಿ ಕರೆಸಿದರೆ ಸಾವಿರ ಡಾಲರ್ ದಾಟುತ್ತೆ.

ಹೆತ್ತೂರಿನವರು ಗಾಳಿ ಬಗ್ಗೆ ಬರೆದಿಲ್ಲ, ಅದನ್ನು ನಾನು ಹೇಳ್ತೀನಿ. ಟಾರು ಬಿಟ್ಟ ಜಾಗದಲ್ಲೇ ಇಳಿದು ನಾಲ್ಕೂ ಟಯರಿಗೆ 25 ಪಿಎಸ್‌ಐ ಮಾಡ್ಕೋತೀನಿ. ಗಾಳಿ ತುಂಬಿದ ಟಯರ್ ಕಲ್ಲಿನ ಮೂತಿಗೆ ಎದುರು ನಿಲ್ಲುತ್ತೆ, ಸೀಳುತ್ತೆ. ಇಳಿಸಿದ ಟಯರ್ ಕಲ್ಲನ್ನು ಒಳಗೆ ತಗೊಂಡು ಬಿಡುತ್ತೆ. ಕೂತವರಿಗೂ ಹಾಯ್ ಅನಿಸುತ್ತೆ. ಗಾಳಿ ಇಳಿಸಿದ ಮೇಲೆ ಮೂವತ್ತು ನಲವತ್ತರ ಮೇಲೆ ಓಡಿಸಬಾರದು, ಟಯರ್ ಕಾದು ಹಾಳಾಗುತ್ತೆ. ವಾಪಸ್ ಟಾರಿಗೆ ಬಂದ ಕೂಡಲೇ ತುಂಬಿಸಬೇಕು. ಅದಕ್ಕೆ ಡಿಕ್ಕಿಯಲ್ಲಿ ಸಣ್ಣ ಕಂಪ್ರೆಸರ್ ಬೇಕೇ ಬೇಕು. 21 ಇಂಚಿನ ಟಯರಿನಲ್ಲಿ ಈ ಆಟ ಆಡೋಕೇ ಆಗಲ್ಲ, ಇಳಿಸೋಕೆ ಅಲ್ಲಿ ಗೋಡೆಯೇ ಇಲ್ಲ.

ಡ್ಯಾಶ್‌ಬೋರ್ಡಿನಲ್ಲಿ ಕೆಂಪು ದೀಪ ಬಂದು ಟಯರ್ ಪ್ರೆಷರ್ ಕಡಿಮೆ ಅಂತ ಬೊಬ್ಬೆ ಹೊಡೆಯುತ್ತೆ. ಹೊಡೀಲಿ. ಆದರೆ 18 ಇಂಚಿನ ರಿಮ್ಮಿಗೆ ಗಾಳಿ ಅಳೆಯುವ ಸೆನ್ಸರ್ ಹಾಕಿಸೋದು ಮರೀಬೇಡಿ. ಮೆನುವಿನಲ್ಲಿ ಟಯರ್ ಸೈಜು ಆರಿಸುವ ಜಾಗ ಇದೆ, ಅಲ್ಲಿ 18 ಅಂತ ಬದಲಿಸಿ.

ಶಾರ್ಜಾ ಅಕ್ಕ:

ಮರಳಿನ ಬಗ್ಗೆ ಎರಡು ಮಾತು ನನ್ನದೂ ಸೇರಲಿ. ನಮ್ಮ ಕಡೆ ಅಲ್ ಬದಾಯರ್ ದಿಬ್ಬಗಳಿಗೆ ವಾರದ ಕೊನೆಗೆ ಎಲ್ಲಾ ಥರದ ಗಾಡಿ ಬರುತ್ತೆ. 21, 22 ಇಂಚಿನ ಚಕ್ರದ ದುಬಾರಿ ಗಾಡಿಗಳೇ ಮೊದಲು ಹೂತುಕೊಳ್ಳೋದು. ಮರಳಿಗೆ 15ರಿಂದ 18 ಪಿಎಸ್‌ಐಗೆ ಇಳಿಸಬೇಕು. ಆಗ ಟಯರಿನ ಹೆಜ್ಜೆ ಉದ್ದ ಆಗುತ್ತೆ, ಗಾಡಿ ಮರಳಿನ ಮೇಲೆ ತೇಲುತ್ತೆ. ಅಷ್ಟು ಕಡಿಮೆ ಗಾಳಿಯಲ್ಲಿ ಸ್ಟೀರಿಂಗ್ ಜೋರಾಗಿ ತಿರುಗಿಸಿದರೆ ಟಯರ್ ರಿಮ್ಮಿನಿಂದ ಕಳಚಿಕೊಳ್ಳುತ್ತೆ. ನಿಧಾನ ತಿರುಗಿಸಿ, ನಿಧಾನ ನಿಲ್ಲಿಸಿ. ನಿಲ್ಲಿಸುವಾಗ ಮೂತಿ ಇಳಿಜಾರಿಗೆ ಇರಲಿ.

ಮರಳಿಗೆ ಆಲ್-ಟೆರೇನ್‌ನ ಗಟ್ಟೆಗಳು ಬೇಕಾಗೇ ಇಲ್ಲ. ಮಾಮೂಲಿ ಟಯರೇ ಕೆಲವೊಮ್ಮೆ ವಾಸಿ, ಅಗೆಯೋದು ಕಡಿಮೆ. ಆದರೆ ಬೆಳೆಗಾರರಿಗೆ ಮರಳು ಎಲ್ಲಿ ಬರುತ್ತೆ ಬಿಡಿ, ಮಲ್ಪೆಗೆ ಹೋದರೆ ಸಮುದ್ರಕ್ಕೆ ಇಳಿಸಬೇಡಿ ಅಷ್ಟೇ. ಉಪ್ಪು ನೀರು ತಾಗಿದರೆ ಆ ಏರ್ ಸಸ್ಪೆನ್ಷನ್ನು, ಅದರ ವಯರು, ಎಲ್ಲಾ ಹೋಗುತ್ತೆ.

ಬಾಳೂರು ಬೆಳೆಗಾರ:

ಎಲ್ಲರಿಗೂ ಥ್ಯಾಂಕ್ಸ್. ಇಷ್ಟು ಸಿಗುತ್ತೆ ಅಂದುಕೊಂಡಿರಲಿಲ್ಲ. ಹಳೇ ಕ್ಯೂ7 ರಿಮ್ ಒಂದು ಸೆಟ್ ನೋಡಿ ಬಂದಿದ್ದೀನಿ. ಹಿಂಬದಿಯಲ್ಲಿ 8 ಇಂಚು, ಇಟಿ 60 ಅಂತಲೇ ಇದೆ. ಒಂದರಲ್ಲಿ ಸಣ್ಣ ಗೀರು, ಬೆಂಡ್ ಇಲ್ಲ. ಹಿಟ್ಟಿನ ಪರೀಕ್ಷೆಗೆ ಅಂಗಡಿಯವನು ಒಪ್ಪಿದ್ದಾನೆ. ಅಮ್ಮ ಮಾತ್ರ "ಅನ್ನ ಕೊಡೋ ಹಿಟ್ಟನ್ನ ಬ್ರೇಕಿಗೆ ಮೆತ್ತೋದಾ" ಅಂತ ಬೈದರು. ಮೈದಾ ತಗೊಂಡು ಹೋಗ್ತೀನಿ ಅಂದ ಮೇಲೆ ಸುಮ್ಮನಾದರು.

ಜಲ್ಲಿ ಹೊಡೆಸುವ ಮಾತು ಸರಿಯಾಗಿ ತಾಗಿತು. ಕೊಯ್ಲು ಮುಗಿದ ಮೇಲೆ ಅದನ್ನೇ ಮೊದಲು ಮಾಡಿಸ್ತೀನಿ.

ಇನ್ನೊಂದು ಕೇಳೋದಿದೆ. ಸ್ಪಿತಿಗೆ ಸ್ಟೆಪ್ನಿ ಏನು ಮಾಡೋದು? ಈಗ ಡಿಕ್ಕಿಯ ಅಡಿಯಲ್ಲಿ ಇರುವುದು ಗಾಳಿ ಇಲ್ಲದೆ ಮಡಚಿಟ್ಟ ಸಣ್ಣ ಚಕ್ರ. ಅದನ್ನು ಹಾಕಿಕೊಂಡು ಸ್ಪಿತಿಗೆ ಹೋಗುವಾಗ ಸಿಗುವ ಗ್ರಾಂಫೂನಿಂದ ಬಾತಲ್‌ವರೆಗಿನ ಆ ಬಂಡೆಗಳ ದಾರಿಯಲ್ಲಿ ಹೋಗೋದು ನೆನೆಸಿಕೊಂಡರೆ ನಗು ಬರುತ್ತೆ. ಹಾಗೇ ಕೆಸರಲ್ಲಿ ಸಿಕ್ಕಿದರೆ ಎಳೆಯೋದು ಹೇಗೆ?

ಹೆತ್ತೂರು ರಸ್ತೆ:

ಆ ಮಡಚಿದ ಸ್ಟೆಪ್ನಿ ಎಂಬತ್ತರ ಒಳಗೆ ಟಾರಿನಲ್ಲಿ ಪಂಚರ್ ಅಂಗಡಿಯವರೆಗೆ ಹೋಗೋಕೆ ಮಾತ್ರ. ಸ್ಪಿತಿಗೆ ಐದನೇ 18 ಇಂಚಿನ ರಿಮ್, ಅದೇ ಟಯರ್ ಹಾಕಿಸಿ ಡಿಕ್ಕಿಯಲ್ಲಿ ಮಲಗಿಸಿ. ಅಡಿಯ ಗುಂಡಿಗೆ ಅದು ಹೋಗಲ್ಲ. ಲಗೇಜಿನ ಜಾಗ ಅರ್ಧ ಹೋಗುತ್ತೆ, ಹಾಗಾಗಿ ಈ ಗಾಡಿಯಲ್ಲಿ ಮೂರೇ ಜನ ಅಂದುಕೊಳ್ಳಿ. ಅಗಲದ ಲಾರಿ ಬೆಲ್ಟಿನಲ್ಲಿ ನೆಲದ ಕೊಂಡಿಗಳಿಗೆ ಬಿಗಿದು ಕಟ್ಟಿ. ಮೂವತ್ತು ಕೆ.ಜಿ. ಹತ್ತಿರದ ವಸ್ತು ಬ್ರೇಕ್ ಹಾಕಿದಾಗ ಹಿಂದಿನ ಸೀಟಿಗೆ ಬರಬಾರದು.

ಜಾಕಿ ಕೊಡುವ ಮೊದಲು ಏರ್ ಸಸ್ಪೆನ್ಷನ್‌ನ ಲೆವೆಲ್ ಕಂಟ್ರೋಲ್ ಆಫ್ ಮಾಡಬೇಕು. ಇಲ್ಲದಿದ್ದರೆ ನೀವು ಎತ್ತುತ್ತಾ ಇದ್ದ ಹಾಗೆ ಗಾಡಿ ತಾನೇ ಸರಿ ಮಾಡಿಕೊಳ್ಳೋಕೆ ನೋಡುತ್ತೆ. ಮತ್ತೊಂದು ವಿಷಯ, ಈಗಲೇ ಎದ್ದು ಹೋಗಿ ನೋಡಿ: ಪ್ರತಿ ಚಕ್ರದಲ್ಲೂ ಕಳ್ಳರ ಕಾಟಕ್ಕೆ ಅಂತ ಒಂದು ಲಾಕಿಂಗ್ ಬೋಲ್ಟ್ ಇರುತ್ತೆ. ಅದನ್ನು ಬಿಚ್ಚುವ ಸಣ್ಣ ಅಡಾಪ್ಟರ್ ಟೂಲ್ ಕಿಟ್‌ನಲ್ಲಿ ಇದೆಯಾ? ಸೆಕೆಂಡ್ ಹ್ಯಾಂಡ್ ಗಾಡಿಯಲ್ಲಿ ಮೊದಲು ಕಳೆದುಹೋಗೋದು ಅದೇ.

ಎತ್ತರದ ಸೆಟ್ಟಿಂಗ್ ಬಗ್ಗೆ ಗೊತ್ತಿದ್ದೇ ಇರುತ್ತೆ. ಅತಿ ಎತ್ತರದಲ್ಲಿ ಅಡಿಯ ಜಾಗ ಸುಮಾರು 27 ಸೆಂ.ಮೀ. ಆದರೆ ವೇಗ ಮೂವತ್ತು ಕಿ.ಮೀ. ದಾಟಿದರೆ ತಾನೇ ಇಳಿದುಬಿಡುತ್ತೆ. ಬಂಡೆ ಎದುರಿಗಿರುವಾಗ ಚೂರು ಜೋರಾಗಿ ಹೋಗಿ ಆಮೇಲೆ ಅಡಿ ತಾಗಿತು ಅಂತ ಅಚ್ಚರಿ ಪಡಬೇಡಿ. ಒಂದು ಚಕ್ರ ಗಾಳಿಯಲ್ಲಿ ಎದ್ದಾಗ ಆಕ್ಸಿಲರೇಟರ್ ಬಿಡಬೇಡಿ. ಸ್ವಲ್ಪ ಹೊತ್ತು ಒಂದೇ ಸಮ ಹಿಡಿದಿರಿ. ಗಾಡಿ ಆ ಚಕ್ರಕ್ಕೆ ತಾನೇ ಬ್ರೇಕ್ ಹಾಕಿ ಉಳಿದವಕ್ಕೆ ಶಕ್ತಿ ಕೊಡುತ್ತೆ. ಕಟಕಟ ಸದ್ದು ಬರುತ್ತೆ, ಹೆದರಬೇಡಿ. ನಮ್ಮ ಮಾಡೆಲ್‌ನಲ್ಲಿ ಲೋ ರೇಂಜ್ ಇಲ್ಲ, ಹಾಗಾಗಿ ಉದ್ದದ ಏರಿನಲ್ಲಿ ಗೇರನ್ನು ಕೈಯಲ್ಲೇ ಒಂದರಲ್ಲಿ ಹಿಡಿದಿಡಿ. ಗೇರ್‌ಬಾಕ್ಸ್ ಬಿಸಿ ಅಂತ ಸಂದೇಶ ಬಂದರೆ ನ್ಯೂಟ್ರಲ್‌ನಲ್ಲಿ ಎಂಜಿನ್ ಓಡಿಸುತ್ತಾ ನಿಂತು ಕಾಯಿರಿ, ಎಂಜಿನ್ ಆಫ್ ಮಾಡಬೇಡಿ.

ಎಳೆಯೋದು: ಟೂಲ್ ಕಿಟ್‌ನಲ್ಲಿ ತಿರುಗಿಸಿ ಹಾಕುವ ಒಂದು ಕೊಕ್ಕೆ ಇದೆ. ಅದು ಸಮ ರಸ್ತೆಯಲ್ಲಿ ಮೆಲ್ಲಗೆ ಎಳೆಯೋಕೆ. ಹಗ್ಗ ಸಡಿಲ ಬಿಟ್ಟು ಜೀಪಿನಲ್ಲಿ ಜಗ್ಗಿದರೆ ಕೊಕ್ಕೆ ಮುರಿದು ಗುಂಡಿನ ಹಾಗೆ ಹಾರುತ್ತೆ. ನಮ್ಮಲ್ಲಿ ಇಂಥ ಕೆಲಸಕ್ಕೆ ತೋಟದ ಟ್ರ್ಯಾಕ್ಟರ್. ಹಗ್ಗ ಮೊದಲು ಬಿಗಿ ಮಾಡಿಕೊಂಡು, ಆಮೇಲೆ ಕಡಿಮೆ ಗೇರಿನಲ್ಲಿ ಎಳೆಯಬೇಕು. ಟಯರಿನ ಮುಂದೆ ಹಲಸಿನ ಹಲಗೆಯೋ ಜಲ್ಲಿಯೋ ಹಾಕಿ ಅರ್ಧ ಕೆಲಸ ಮೊದಲೇ ಮುಗಿಸಿ. ಆಳುಗಳನ್ನು ಹಗ್ಗದ ಹತ್ತಿರ ನಿಲ್ಲೋಕೆ ಬಿಡಬೇಡಿ.

ಇನ್ನು ಇಟಿ 60 ರಿಮ್ ತರ್ತೀರಿ ಅಂದ್ರಲ್ಲ. ಹಿಂದಿನ ಚಕ್ರದ ಒಳಬದಿಯನ್ನೂ ಹಿಟ್ಟು ಹಚ್ಚಿ ನೋಡಿ, ಎಲ್ಲರೂ ಮುಂದಿನದು ಮಾತ್ರ ನೋಡಿ ಬರ್ತಾರೆ. ಇನ್ಶೂರೆನ್ಸ್‌ನವರಿಗೂ ಚಕ್ರ ಬದಲಿಸಿದ್ದನ್ನು ಒಂದು ಇ-ಮೇಲ್‌ನಲ್ಲಿ ತಿಳಿಸಿಬಿಡಿ. ಆ 21 ಇಂಚಿನ ಸೆಟ್ ಮಾರುವುದಾದರೆ ಬೆಂಡಾದ ರಿಮ್ ರಿಪೇರಿ ಮಾಡಿಸದೆ ಹಾಗೇ ಹೇಳಿ ಮಾರಿ. ಹಾಸನದಲ್ಲಿ ಒಬ್ಬರು ಕೇಳ್ತಾ ಇದ್ದರು, ನಂಬರ್ ಬೇಕಾದರೆ ಮೆಸೇಜ್ ಮಾಡಿ.

ಬಾಳೂರು ಬೆಳೆಗಾರ:

ಈಗಷ್ಟೇ ಹೋಗಿ ನೋಡಿ ಬಂದೆ. ಅಡಾಪ್ಟರ್ ಇಲ್ಲ! ಜಾಕಿ ಇದೆ, ಸ್ಪ್ಯಾನರ್ ಇದೆ, ಕೊಕ್ಕೆ ಇದೆ, ಅದೊಂದು ಇಲ್ಲ. ಟಯರ್ ಸೀಳಿದ ದಿನ ಪಂಚರ್ ಅಂಗಡಿಯವನು ಅದ್ಹೇಗೆ ಬಿಚ್ಚಿದ ಅಂತ ಈಗ ಯೋಚನೆ. ನಾಳೆ ಅವನ ಅಂಗಡಿಯ ಡಬ್ಬಿ ಜಾಲಾಡ್ತೀನಿ.

ಗುಡ್ಡದ ಜೀಪು:

ಅವನ ಹತ್ರಾನೇ ಇರುತ್ತೆ ಅಣ್ಣ. ಸಿಗದಿದ್ದರೆ ಬೋಲ್ಟಿನ ತಲೆ ಮೇಲೆ ಸಾಕೆಟ್ ಬಡಿದು ಕೂರಿಸಿ ಬಿಚ್ಚೋ ಹುಡುಗ ಕೊಟ್ಟಿಗೆಹಾರದಲ್ಲಿ ಇದ್ದಾನೆ. ನಾಲ್ಕೂ ಲಾಕಿಂಗ್ ಬೋಲ್ಟ್ ಬಿಸಾಕಿ, ಮಾಮೂಲಿ ಬೋಲ್ಟೇ ಹಾಕಿಸಿಬಿಡಿ. ತೋಟದ ಮನೆ ಹತ್ರ 18 ಇಂಚಿನ ಹಳೇ ಕ್ಯೂ7 ರಿಮ್ ಕದಿಯೋಕೆ ಯಾರು ಬರ್ತಾರೆ?